ಕಾರ್ಪೆಟ್ ಮೇಲೆ ಡೀಸೆಲ್ ಚೆಲ್ಲಿದರೆ: ಒರೆಸಿದ ಮೇಲೂ ವಾಸನೆ ಯಾಕೆ ಹೋಗುವುದಿಲ್ಲ?

ಮುಂಗಾರು ಹತ್ತಿರ ಬಂತು ಅಂದರೆ ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಪೆಟ್ರೋಲ್ ಬಂಕ್‌ಗಳಲ್ಲಿ ಕ್ಯಾನ್ ಹಿಡಿದು ನಿಂತವರು ಜಾಸ್ತಿ ಆಗುತ್ತಾರೆ. ಟ್ರ್ಯಾಕ್ಟರ್ ಹೊಲದಲ್ಲೇ ನಿಂತಿದೆ, ಟಿಲ್ಲರ್‌ಗೆ ಡೀಸೆಲ್ ಬೇಕು, ಟೊಮೆಟೊಗೆ ಔಷಧಿ ಹೊಡೆಯುವ ಪಂಪಿಗೆ ಪೆಟ್ರೋಲ್ ಬೇಕು. ಮೊದಲು ಇದೆಲ್ಲ ಬೈಕಿನಲ್ಲೋ ಟೆಂಪೋದಲ್ಲೋ ಹೋಗುತ್ತಿತ್ತು. ಈಗ ಎಷ್ಟೋ ಮನೆಗಳ ಮುಂದೆ ಒಂದು ಕಾರಿದೆ. ಕ್ಯಾನ್ ಅದರ ಡಿಕ್ಕಿ ಸೇರುತ್ತದೆ. ಮುಚ್ಚಳ ಸ್ವಲ್ಪ ಸಡಿಲ ಇದ್ದರೆ ಸಾಕು, ನಾಲ್ಕು ಹಂಪ್ ದಾಟುವಷ್ಟರಲ್ಲಿ ಅರ್ಧ ಲೀಟರ್ ಕಾರ್ಪೆಟ್ ಪಾಲು.

ಆಮೇಲೆ ನಡೆಯುವುದು ಎಲ್ಲ ಕಡೆಯೂ ಹೆಚ್ಚುಕಮ್ಮಿ ಒಂದೇ. ಬಟ್ಟೆಯಲ್ಲಿ ಒರೆಸುತ್ತಾರೆ, ಬಕೆಟ್ ನೀರು ಸುರಿಯುತ್ತಾರೆ, ಪರ್ಫ್ಯೂಮ್ ಡಬ್ಬಿ ತಂದು ಇಡುತ್ತಾರೆ. ಎರಡು ದಿನ ಸರಿ ಅನ್ನಿಸುತ್ತದೆ. ಮೂರನೇ ದಿನ ಬಿಸಿಲಲ್ಲಿ ನಿಂತ ಕಾರಿನ ಬಾಗಿಲು ತೆಗೆದರೆ ಅದೇ ವಾಸನೆ, ಜೊತೆಗೆ ಪರ್ಫ್ಯೂಮ್ ಘಾಟು. ಮಕ್ಕಳಿಗೆ ವಾಂತಿ ಬರುತ್ತದೆ, ದೊಡ್ಡವರಿಗೆ ತಲೆನೋವು. ಯಾಕೆ ಹೀಗೆ? ಕಾರ್ಪೆಟ್ ಹೇಗೆ ಮಾಡಿರುತ್ತಾರೆ, ಚೆಲ್ಲಿದ ದ್ರವದ ಗುಣ ಏನು ಅನ್ನುವ ಎರಡು ವಿಷಯ ತಿಳಿದರೆ ಉತ್ತರ ಸಿಗುತ್ತದೆ. ಬಿಡಿಸುವ ದಾರಿಯೂ ಅಲ್ಲೇ ಇದೆ.

ಕಾರ್ಪೆಟ್ ಕೆಳಗೆ ಏನಿದೆ?

ಕಣ್ಣಿಗೆ ಕಾಣುವುದು ಮೇಲಿನ ಒಂದು ಪದರ ಮಾತ್ರ. ಅದು ನೈಲಾನ್, ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ನೂಲಿನದು. ಈ ನೂಲು ತಾನಾಗಿ ಜಾಸ್ತಿ ಏನನ್ನೂ ಹೀರುವುದಿಲ್ಲ. ಅದರ ಕೆಳಗೆ ದಪ್ಪನೆಯ ಮೆತ್ತೆ ಇರುತ್ತದೆ. ಕೆಲವು ಕಾರುಗಳಲ್ಲಿ ಚಿಂದಿ ಬಟ್ಟೆ, ಸೆಣಬು ಸೇರಿಸಿ ಒತ್ತಿದ ಫೆಲ್ಟ್, ಕೆಲವದರಲ್ಲಿ ಫೋಮ್. ರಸ್ತೆಯ ಸದ್ದು ಒಳಗೆ ಬಾರದಿರಲಿ ಅಂತ ಇಟ್ಟಿದ್ದು ಇದು. ಅದರ ಕೆಳಗೆ ತಗಡಿನ ನೆಲ. ತಗಡಿನ ಮೇಲೆ ಅಲ್ಲಲ್ಲಿ ಡಾಂಬರಿನಂಥ ಕಪ್ಪು ಹಾಳೆ ಅಂಟಿಸಿರುತ್ತಾರೆ, ಅದೂ ಸದ್ದು ತಡೆಯಲಿಕ್ಕೇ.

ಚೆಲ್ಲಿದ ಡೀಸೆಲ್ ನೂಲಿನ ಸಂದಿಯಿಂದ ಇಳಿದು ಈ ಮೆತ್ತೆ ಸೇರುತ್ತದೆ. ಮೆತ್ತೆ ಅದನ್ನು ಅಡ್ಡಡ್ಡಕ್ಕೆ ಹರಡುತ್ತದೆ. ಮೇಲೆ ಕಾಣುವ ಕಲೆ ಅಂಗೈ ಅಗಲ ಇದ್ದರೆ ಕೆಳಗಿನದು ಅದರ ಎರಡು ಮೂರು ಪಟ್ಟು ಇರಬಹುದು. ಮೇಲಿನ ನೂಲು ಒರೆಸಿದಾಗ ಕ್ಲೀನ್ ಆಗಿ ಕಾಣುತ್ತದೆ, ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ. ಸರಕು ಮಾತ್ರ ಕೆಳಗೆ ಹಾಗೇ ಕೂತಿದೆ.

ವಾಸನೆ ಅಂದರೆ ಆ ದ್ರವದ್ದೇ ಕಣಗಳು ಆವಿಯಾಗಿ ಮೂಗಿಗೆ ಬರುವುದು. ಕಣಗಳು ಮುಗಿಯುವ ತನಕ ವಾಸನೆ ಮುಗಿಯುವುದಿಲ್ಲ. ಪೆಟ್ರೋಲ್ ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಿಂದಲೇ ಕುದಿಯಲು ಶುರುವಾಗಿ ಸುಮಾರು 210 ಡಿಗ್ರಿಗೆ ಮುಗಿಯುವ ಮಿಶ್ರಣ. ಹಾಗಾಗಿ ಚೆಲ್ಲಿದ ಪೆಟ್ರೋಲಿನ ದೊಡ್ಡ ಪಾಲು ಬೇಗ ಹಾರಿಹೋಗುತ್ತದೆ. ಡೀಸೆಲ್‌ನದು ಸುಮಾರು 180ರಿಂದ 360 ಡಿಗ್ರಿಯ ಲೆಕ್ಕ. ಅದು ಸುಲಭಕ್ಕೆ ಹಾರುವುದಿಲ್ಲ. ದಿನಕ್ಕೆ ಸ್ವಲ್ಪ ಸ್ವಲ್ಪ ಆವಿ ಬಿಡುತ್ತಾ ವಾರಗಟ್ಟಲೆ ಇರುತ್ತದೆ. ಕಾರು ಬಿಸಿಲಲ್ಲಿ ಕಾದಷ್ಟೂ ಆವಿ ಜಾಸ್ತಿ. ಮಧ್ಯಾಹ್ನ ಬಾಗಿಲು ತೆಗೆದಾಗ ವಾಸನೆ ರಪ್ಪನೆ ಬಡಿಯುವುದು ಅದಕ್ಕೇ. ಎಂಜಿನ್ ಆಯಿಲ್ ಇನ್ನೂ ಭಾರ. ಅದು ಹಾರುವ ಮಾತೇ ಇಲ್ಲ, ಧೂಳು ಹಿಡಿದುಕೊಂಡು ಕಪ್ಪಗೆ ಕೂರುತ್ತದೆ.

ಪೆಟ್ರೋಲ್ ಆದರೆ ಮೊದಲು ಬೆಂಕಿಯ ಯೋಚನೆ

ಡಿಕ್ಕಿಯಲ್ಲಿ ಚೆಲ್ಲಿದ್ದು ಪೆಟ್ರೋಲ್ ಅಂತ ಗೊತ್ತಾದರೆ ಕಲೆ, ವಾಸನೆಯ ಯೋಚನೆ ಆಮೇಲೆ ಇರಲಿ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ. ಮೇಲೆ ಹಾರಿಹೋಗುವ ಬದಲು ಕಾರಿನ ನೆಲದಲ್ಲಿ, ಸ್ಟೆಪ್ನಿ ಗುಂಡಿಯಲ್ಲಿ ತುಂಬಿಕೊಳ್ಳುತ್ತದೆ.

ಕಾರನ್ನು ಬಯಲಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಎಲ್ಲರೂ ಇಳಿಯಲಿ. ನಾಲ್ಕೂ ಬಾಗಿಲು, ಡಿಕ್ಕಿ ಪೂರ್ತಿ ತೆಗೆದು ಬಿಡಿ. ಶೆಡ್ ಒಳಗೆ, ದನದ ಕೊಟ್ಟಿಗೆ ಪಕ್ಕ, ಒಲೆ ಇರುವ ಕಡೆ ಬೇಡ. ಬೀಡಿ, ಸಿಗರೇಟು ಹತ್ತಿರಕ್ಕೆ ಬರಬಾರದು ಅಂತ ಎಲ್ಲರಿಗೂ ಗೊತ್ತು. ಆದರೆ ಕೆಟ್ಟ ವಾಸನೆ ಹೋಗಲಿ ಅಂತ ಡ್ಯಾಶ್‌ಬೋರ್ಡ್ ಮೇಲೆ ಊದುಬತ್ತಿ ಹಚ್ಚುವವರಿದ್ದಾರೆ. ಪೆಟ್ರೋಲ್ ಆವಿ ತುಂಬಿದ ಕಾರಿನಲ್ಲಿ ಅದೂ ಬೆಂಕಿಯೇ. ದಯವಿಟ್ಟು ಹಚ್ಚಬೇಡಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಹಾಕಿ ಎಳೆಯುವುದೂ ಅಷ್ಟೇ ಅಪಾಯ, ಅದರ ಮೋಟಾರಿನ ಒಳಗೆ ಕಿಡಿ ಹಾರುತ್ತದೆ ಮತ್ತು ಆವಿ ನೇರ ಅಲ್ಲಿಗೇ ಹೋಗುತ್ತದೆ. ಹೇರ್ ಡ್ರೈಯರ್ ಕೂಡ ಬೇಡ.

ಹಳೇ ಹತ್ತಿ ಬಟ್ಟೆ ಒತ್ತಿ ಹೀರಿಸಿ, ಆ ಬಟ್ಟೆಯನ್ನು ಬಯಲಲ್ಲಿ ಹರಡಿ ಒಣಗಲು ಬಿಡಿ. ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಪೆಟ್ರೋಲಿನಲ್ಲಿ ಬೆಂಜೀನ್ ಅನ್ನುವ ರಾಸಾಯನಿಕ ಇರುತ್ತದೆ, ಶೇಕಡಾ 1ಕ್ಕಿಂತ ಜಾಸ್ತಿ ಇರಬಾರದು ಅಂತ ನಿಯಮ ಇರುವುದೇ ಅದು ಕ್ಯಾನ್ಸರ್ ತರುವ ವಸ್ತು ಅನ್ನುವ ಕಾರಣಕ್ಕೆ. ಆ ಆವಿ ಕುಡಿಯುತ್ತಾ ಕೂರುವುದು ಬೇಡ.

ಡೀಸೆಲ್ ಇಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ. ಆದರೆ ಬಿಸಿಲಿಗೆ ಕಾದ ಮುಚ್ಚಿದ ಕಾರಿನಲ್ಲಿ ಅದಕ್ಕೂ ಬೆಂಕಿ ದೂರ ಇಡುವುದೇ ಸರಿ.

ಡೀಸೆಲ್, ಆಯಿಲ್ ತೆಗೆಯುವ ಕ್ರಮ

ಮೊದಲ ಕೆಲಸ ಹೀರಿಸುವುದು. ನೀರು ಆಮೇಲೆ. ಇಲ್ಲೇ ಬಹಳ ಜನ ಎಡವುವುದು. ಡೀಸೆಲ್ ನೀರಲ್ಲಿ ಕರಗುವುದಿಲ್ಲ. ಬಕೆಟ್ ನೀರು ಸುರಿದರೆ ಅದು ಡೀಸೆಲ್‌ನ್ನು ಇನ್ನಷ್ಟು ಕೆಳಕ್ಕೆ, ಇನ್ನಷ್ಟು ಅಗಲಕ್ಕೆ ತಳ್ಳುತ್ತದೆ ಅಷ್ಟೆ. ವಾಟರ್ ಸರ್ವಿಸ್‌ನಲ್ಲಿ ಪ್ರೆಷರ್ ಪೈಪ್ ಬಿಟ್ಟರೂ ಇದೇ ಕಥೆ. ಮೇಲಾಗಿ ಕಾರ್ಪೆಟ್ ಕೆಳಗೆ ವೈರಿಂಗ್ ಹೋಗಿರುತ್ತದೆ. ಗೇರ್ ಲಿವರ್ ಹತ್ತಿರದ ನಡುದಿಬ್ಬದಲ್ಲಿ ಎಷ್ಟೋ ಕಾರುಗಳ ಏರ್‌ಬ್ಯಾಗ್ ಕಂಟ್ರೋಲ್ ಡಬ್ಬಿ ಇರುತ್ತದೆ. ಅಲ್ಲಿಗೆ ನೀರು ಹೋದರೆ ಡೀಸೆಲ್ ವಾಸನೆಗಿಂತ ದೊಡ್ಡ ಖರ್ಚು.

ಹತ್ತಿ ಬಟ್ಟೆ ಅಥವಾ ನ್ಯೂಸ್‌ಪೇಪರ್ ದಪ್ಪಗೆ ಮಡಚಿ ಕಲೆ ಮೇಲಿಟ್ಟು ಅದರ ಮೇಲೆ ನಿಂತು ಭಾರ ಹಾಕಿ. ಒದ್ದೆಯಾದ ಹಾಗೆ ಬದಲಾಯಿಸಿ. ಉಜ್ಜಬೇಡಿ, ಉಜ್ಜಿದರೆ ನೂಲು ಹಿಂಜಿ ಕಲೆ ಹರಡುತ್ತದೆ. ಬಟ್ಟೆಗೆ ಏನೂ ಬಾರದಂತಾದ ಮೇಲೆ ಪುಡಿ ಹಾಕಬೇಕು. ಮರ ಕೊಯ್ಯುವ ಮಿಲ್ಲಿನ ಹೊಟ್ಟು, ಕಾರ್ನ್‌ಫ್ಲೋರ್, ಬೆಕ್ಕಿನ ಮಲಕ್ಕೆ ಬಳಸುವ ಜೇಡಿಯ ಹರಳು, ಯಾವುದಾದರೂ ಆದೀತು. ಒಂದು ಬೆರಳು ದಪ್ಪ ಹರಡಿ, ಕೈಯಿಂದ ಮೆಲ್ಲಗೆ ಒತ್ತಿ, ಒಂದು ರಾತ್ರಿ ಬಿಡಿ. ಬೆಳಗ್ಗೆ ಹೊಟ್ಟು ಕಪ್ಪಾಗಿ, ಕೈಗೆ ಜಿಡ್ಡು ಹತ್ತುವಂತೆ ಗಂಟು ಕಟ್ಟಿರುತ್ತದೆ. ಅದನ್ನು ಗುಡಿಸಿ ತೆಗೆದು ಮತ್ತೊಮ್ಮೆ ಹೊಸದು ಹಾಕಿ. ಎರಡನೇ ಸಲದ ಹೊಟ್ಟು ಒಣಗಿ ಉದುರು ಉದುರಾಗಿ ಬಂದರೆ ಹೀರಿಸುವ ಕೆಲಸ ಆಯಿತು ಅಂತ ಲೆಕ್ಕ.

ಈಗ ಸೋಪಿನ ಸರದಿ. ಯುಗಾದಿಗೆ ತಲೆಗೆ ಎಣ್ಣೆ ಹಚ್ಚಿಕೊಂಡ ಮೇಲೆ ಬರೀ ನೀರು ಎಷ್ಟು ಹೊಯ್ದರೂ ಜಿಡ್ಡು ಹೋಗುವುದಿಲ್ಲ, ಸೀಗೆಪುಡಿ ಹಾಕಿ ತಿಕ್ಕಿದರೆ ಹೋಗುತ್ತದೆ ಅಲ್ವಾ? ಇಲ್ಲಿಯೂ ಅದೇ ಕೆಲಸ. ಸೋಪಿನ ಕಣಕ್ಕೆ ಎರಡು ತುದಿ. ಒಂದು ತುದಿ ಎಣ್ಣೆಗೆ ಅಂಟುತ್ತದೆ, ಇನ್ನೊಂದು ನೀರಿಗೆ. ಎಣ್ಣೆಯ ಹನಿಯನ್ನು ಸುತ್ತುವರಿದು ನೀರಿನ ಜೊತೆ ಎಳೆದುಕೊಂಡು ಬರುತ್ತದೆ.

ಯಾವ ಸೋಪು? ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಜಿಡ್ಡು ಬಿಡಿಸಲೆಂದೇ ಮಾಡಿದ್ದು ಅದು. ಬಟ್ಟೆ ಸೋಪಿನ ಬಾರ್ ಬೇಡ ಅನ್ನಲು ನಮ್ಮ ಕಡೆ ಇನ್ನೊಂದು ಕಾರಣವೂ ಇದೆ. ನಮ್ಮ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಗಡಸು ನೀರಿನ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಬಿಳಿ ಕೆನೆಯಂತೆ ನೂಲಿಗೆ ಅಂಟುತ್ತದೆ, ನೊರೆಯೂ ಬರುವುದಿಲ್ಲ. ಲಿಕ್ವಿಡ್‌ಗಳು ಗಡಸು ನೀರಲ್ಲೂ ಕೆಲಸ ಮಾಡುತ್ತವೆ. ಮಳೆ ನೀರು ಅಥವಾ ಫಿಲ್ಟರ್ ನೀರು ಸಿಕ್ಕರೆ ಇನ್ನೂ ಒಳ್ಳೆಯದು.

ಒಂದು ಲೀಟರ್ ಉಗುರು ಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಲಿಕ್ವಿಡ್. ಜಾಸ್ತಿ ಹಾಕಿದರೆ ನೂಲಿನಲ್ಲಿ ಸೋಪು ಉಳಿದು ಅದೇ ಧೂಳು ಹಿಡಿಯುತ್ತದೆ. ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ಬಣ್ಣ ಬಿಡುವುದಿಲ್ಲ ಅಂತ ನೋಡಿಕೊಳ್ಳಿ. ಬಟ್ಟೆಯನ್ನು ಅದ್ದಿ, ಹಿಂಡಿ, ಕಲೆಯ ಹೊರ ಅಂಚಿನಿಂದ ಒಳಕ್ಕೆ ತಟ್ಟುತ್ತಾ ಬನ್ನಿ. ಮೆತ್ತನೆಯ ಬ್ರಷ್ ಆದರೂ ಸರಿ. ಆಮೇಲೆ ಒಣ ಬಟ್ಟೆ ಒತ್ತಿ ಹೀರಿಸಿ. ನೊರೆಯಲ್ಲಿ ಕಪ್ಪು, ವಾಸನೆ ಬರುವುದು ನಿಲ್ಲುವ ತನಕ ಇದೇ. ಕೊನೆಗೆ ಬರೀ ನೀರಿನ ಬಟ್ಟೆಯಿಂದ ಸೋಪು ತೆಗೆಯಿರಿ.

ಪೆಟ್ರೋಲ್ ಅಥವಾ ಥಿನ್ನರ್ ಹಾಕಿ ಆಯಿಲ್ ಕಲೆ ತೆಗೆಯುವ ಅಭ್ಯಾಸ ಗ್ಯಾರೇಜುಗಳಲ್ಲಿದೆ. ಕೈ ತೊಳೆಯಲೂ ಅದನ್ನೇ ಬಳಸುವುದು ನೋಡಿರುತ್ತೀರಿ. ಕಾರ್ಪೆಟ್‌ಗೆ ಅದು ಬೇಡ. ಬೆಂಕಿಯ ಭಯ ಒಂದು ಕಡೆ. ಇನ್ನೊಂದು ಕಡೆ ಅದು ಕಾರ್ಪೆಟ್‌ನ ಅಂಟನ್ನೂ ಕೆಳಗಿನ ಡಾಂಬರಿನ ಹಾಳೆಯನ್ನೂ ಕರಗಿಸುತ್ತದೆ. ಒಂದು ಕಲೆ ಹೋಗಿ ಕಪ್ಪು ಕಲೆ ಮೇಲೆದ್ದು ಬರುತ್ತದೆ.

ಮೆತ್ತೆ ಎತ್ತದೆ ವಾಸನೆ ಹೋಗದು

ಎರಡು ಮೂರು ಚಮಚ ಚೆಲ್ಲಿದ್ದರೆ ಇಲ್ಲಿಗೆ ಮುಗಿಯುತ್ತದೆ. ಅರ್ಧ ಲೀಟರ್ ಹೋಗಿದ್ದರೆ ಕಾರ್ಪೆಟ್ ಎತ್ತಲೇಬೇಕು. ಡಿಕ್ಕಿಯಲ್ಲಿ ಇದು ಸುಲಭ. ಎಷ್ಟೋ ಕಾರುಗಳಲ್ಲಿ ಡಿಕ್ಕಿಯ ಕಾರ್ಪೆಟ್ ಸುಮ್ನೆ ಹಾಸಿರುತ್ತದೆ, ಎಳೆದರೆ ಬರುತ್ತದೆ. ಅದನ್ನು ಹೊರಗೆ ತಂದು ಎರಡೂ ಮಗ್ಗುಲು ತೊಳೆದು ಹಗ್ಗದ ಮೇಲೆ ಬಿಸಿಲಿಗೆ ಹಾಕಬಹುದು.

ಅದರ ಕೆಳಗಿನ ಹಲಗೆ ಎತ್ತಿದರೆ ಸ್ಟೆಪ್ನಿ ಗುಂಡಿ. ವಾರಗಟ್ಟಲೆ ವಾಸನೆ ಬಿಡುವ ಜಾಗ ಇದೇ ಇರುತ್ತದೆ, ಯಾರೂ ನೋಡಿರುವುದಿಲ್ಲ. ಸ್ಟೆಪ್ನಿ ಬಿಚ್ಚಿ ಎತ್ತಿ. ಗುಂಡಿಯ ತಳದಲ್ಲಿ ಮಿರಮಿರ ಮಿಂಚುವ ತೆಳ್ಳನೆಯ ಪಸೆ, ಜಾಕಿಯ ಚೀಲ ಜಿಡ್ಡು ಕುಡಿದು ಭಾರವಾಗಿರುವುದು ಕಂಡರೆ ಡೀಸೆಲ್ ಅಲ್ಲಿಗೆ ಇಳಿದಿದೆ ಅಂತಲೇ ಅರ್ಥ. ಮೊದಲು ಹೊಟ್ಟಿನಿಂದ ಹೀರಿಸಿ, ಸೋಪಿನ ಬಟ್ಟೆಯಿಂದ ಒರೆಸಿ. ಸ್ಟೆಪ್ನಿಯ ಟಯರನ್ನೂ ಸೋಪು ನೀರಲ್ಲಿ ತೊಳೆಯಿರಿ, ಡೀಸೆಲ್ ತಾಗಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಜಾಕಿಯ ಚೀಲ ಬಿಸಾಕಿ ಬೇರೆ ಇಡುವುದೇ ವಾಸಿ.

ಸೀಟಿನ ಕೆಳಗೆ ಹೋಗಿದ್ದರೆ ಕೆಲಸ ಸ್ವಲ್ಪ ನಾಜೂಕು. ಬಾಗಿಲ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಕ್ಲಿಪ್ಪುಗಳ ಮೇಲೆ ಕೂತಿರುತ್ತದೆ. ಮೆಲ್ಲಗೆ ಎತ್ತಿದರೆ ಬರುತ್ತದೆ. ಅಲ್ಲಿಂದ ಕಾರ್ಪೆಟ್ ಅಂಚು ಮೇಲೆತ್ತಿ, ಕೆಳಗೆ ಒಂದು ಮರದ ತುಂಡು ಕೊಟ್ಟು ಗಾಳಿ ಆಡುವಂತೆ ಮಾಡಬಹುದು. ಸೀಟು ಬಿಚ್ಚುವುದು ಮಾತ್ರ ಮೆಕ್ಯಾನಿಕ್ ಕೆಲಸ. ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್ ಅಥವಾ ಸೀಟ್ ಬೆಲ್ಟ್‌ಗೆ ಸೇರಿದ್ದು. ಅದನ್ನು ನೀವು ಎಳೆಯಬೇಡಿ.

ಫೆಲ್ಟ್ ಪೂರ್ತಿ ನೆನೆದಿದ್ದರೆ ತೊಳೆಯುವ ಹಟ ಬಿಡಿ. ಆ ಭಾಗ ಕತ್ತರಿಸಿ ತೆಗೆದು ಹೊಸ ಫೆಲ್ಟ್ ಹಾಕಿಸುವುದೇ ಸರಿಯಾದ ದಾರಿ. ಸೀಟ್ ಕವರ್ ಹೊಲಿಯುವ ಅಂಗಡಿಯವರಿಗೆ ಈ ಕೆಲಸ ಬರುತ್ತದೆ. ಸಾಮಾನು ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ.

ಮುಂದಿನ ಸೀಟಿನ ಕಾಲಡಿ ತಾನಾಗಿ ಒದ್ದೆ ಆದರೆ

ಯಾರೂ ಏನೂ ಚೆಲ್ಲಿಲ್ಲ, ಆದರೂ ಡ್ರೈವರ್ ಪಕ್ಕದ ಸೀಟಿನ ಕಾಲಡಿ ಕಾರ್ಪೆಟ್ ಒದ್ದೆ. ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಒಂದು ಚಿಕ್ಕದು, ಒಂದು ದೊಡ್ಡದು.

ಚಿಕ್ಕದು ಎಸಿ ನೀರು. ಎಸಿ ಓಡುವಾಗ ಗಾಳಿಯ ತೇವ ನೀರಾಗಿ ಒಂದು ಸಣ್ಣ ಪೈಪಿನಿಂದ ಕಾರಿನ ಕೆಳಗೆ ತೊಟ್ಟಿಕ್ಕುತ್ತದೆ. ಆ ಪೈಪಿಗೆ ಧೂಳು, ಎಲೆ ಕಟ್ಟಿದರೆ ನೀರು ಒಳಕ್ಕೆ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ಜಿಡ್ಡಿಲ್ಲ. ಪೈಪ್ ಬಿಡಿಸಿ ಕಾರ್ಪೆಟ್ ಒಣಗಿಸಿದರೆ ಮುಗಿಯಿತು. ಒಣಗಿಸದೆ ಬಿಟ್ಟರೆ ಬೂಸಲು ಹಿಡಿದು ಮುಗ್ಗಲು ವಾಸನೆ ಶುರುವಾಗುತ್ತದೆ.

ದೊಡ್ಡದು ಕೂಲೆಂಟ್. ಎಂಜಿನ್ ತಂಪು ಮಾಡುವ ದ್ರವ ಇದು, ನೀರು ಮತ್ತು ಎಥಿಲೀನ್ ಗ್ಲೈಕಾಲ್ ಮಿಶ್ರಣ. ಕಾರಿನೊಳಗೆ ಬೆಚ್ಚನೆ ಗಾಳಿ ಬರಲಿ ಅಂತ ಡ್ಯಾಶ್‌ಬೋರ್ಡ್ ಹಿಂದೆ ಒಂದು ಪುಟ್ಟ ರೇಡಿಯೇಟರ್ ಇರುತ್ತದೆ, ಅದಕ್ಕೆ ಹೀಟರ್ ಕೋರ್ ಅನ್ನುತ್ತಾರೆ. ಅದು ಸೋರಿದರೆ ಕೂಲೆಂಟ್ ಕಾಲಡಿಗೆ ಇಳಿಯುತ್ತದೆ. ಬಿಳಿ ಟಿಶ್ಯೂ ಒತ್ತಿ ನೋಡಿ. ಹಸಿರು, ಗುಲಾಬಿ ಅಥವಾ ನೀಲಿ ಬಣ್ಣ, ಬೆರಳ ನಡುವೆ ಜಾರುವ ಅಂಟು, ಸಿಹಿಯಾದ ವಾಸನೆ ಇದ್ದರೆ ಕೂಲೆಂಟೇ. ಬ್ಲೋವರ್ ಹಾಕಿದಾಗ ಮುಂದಿನ ಗಾಜಿನ ಒಳಗಡೆ ಒರೆಸಿದರೂ ಹೋಗದ ಜಿಡ್ಡು ಮಂಜು ಕೂರುತ್ತದೆ. ಬಾನೆಟ್ ಕೆಳಗಿನ ಕೂಲೆಂಟ್ ಡಬ್ಬಿಯಲ್ಲೂ ಮಟ್ಟ ಇಳಿದಿರುತ್ತದೆ. ಎಂಜಿನ್ ಬಿಸಿ ಇದ್ದಾಗ ಮಾತ್ರ ಮುಚ್ಚಳ ತೆಗೆಯಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಇಲ್ಲಿ ಕ್ಲೀನಿಂಗ್ ಎರಡನೇ ಕೆಲಸ, ಸೋರಿಕೆ ನಿಲ್ಲಿಸುವುದು ಮೊದಲನೇದು. ಕೂಲೆಂಟ್ ಕಮ್ಮಿಯಾದ ಎಂಜಿನ್ ಕಾದು ಕೆಡುತ್ತದೆ. ಸೋರಿಕೆ ನಿಂತ ಮೇಲೆ ಕಾರ್ಪೆಟ್ ಕೆಲಸ ಡೀಸೆಲ್‌ಗಿಂತ ಸುಲಭ, ಯಾಕೆಂದರೆ ಗ್ಲೈಕಾಲ್ ನೀರಲ್ಲಿ ಪೂರ್ತಿ ಕರಗುತ್ತದೆ. ಬೆಚ್ಚನೆ ನೀರಿನ ಬಟ್ಟೆ, ಒಣ ಬಟ್ಟೆ, ಮತ್ತೆ ನೀರಿನ ಬಟ್ಟೆ, ಹೀಗೆ ನಾಲ್ಕೈದು ಸಲ ಮಾಡಿ. ಅಂಟು ಹೋಗುವ ತನಕ ಬಿಡಬೇಡಿ.

ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿ ಇರುವುದರಿಂದ ನಾಯಿಗಳು ನೆಕ್ಕುತ್ತವೆ, ಮಕ್ಕಳು ಬೆರಳು ಅದ್ದಿ ಬಾಯಿಗಿಡಬಹುದು. ಸ್ವಲ್ಪ ಹೊಟ್ಟೆಗೆ ಹೋದರೂ ಕಿಡ್ನಿ ಕೆಡುತ್ತದೆ. ಕ್ಲೀನ್ ಮಾಡಿದ ಬಟ್ಟೆ, ನೀರು ಅಂಗಳದಲ್ಲಿ ಬಿಡಬೇಡಿ. ಯಾರಾದರೂ ಬಾಯಿಗೆ ಹಾಕಿಕೊಂಡರು ಅಂತ ಅನುಮಾನ ಬಂದರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಡ್ರೈವರ್ ಕಾಲಡಿಯ ಒದ್ದೆ

ಕ್ಲಚ್ ಅಥವಾ ಬ್ರೇಕ್ ಪೆಡಲಿನ ಸರಳಿನ ಉದ್ದಕ್ಕೂ ಜಿನುಗಿ ಬಂದ ದ್ರವ ಕಂಡರೆ ಅದು ಬ್ರೇಕ್ ಆಯಿಲ್ ಇರಬಹುದು. ಹೆಸರಿನಲ್ಲಿ ಆಯಿಲ್ ಇದ್ದರೂ ಡಾಟ್ 3, ಡಾಟ್ 4 ಅಂತ ಬರೆದಿರುವ ದ್ರವ ಎಣ್ಣೆ ಅಲ್ಲ, ನೀರಲ್ಲಿ ಕರಗುತ್ತದೆ. ಪೇಂಟ್ ಕಿತ್ತು ತೆಗೆಯುತ್ತದೆ, ಆದ್ದರಿಂದ ಬೇಗ ನೀರಿನ ಬಟ್ಟೆ ಹಾಕಿ ಒರೆಸಿ. ಅದಕ್ಕಿಂತ ಮುಖ್ಯ ವಿಷಯ: ಬ್ರೇಕ್ ಆಯಿಲ್ ಸೋರುತ್ತಿರುವ ಕಾರು ಓಡಿಸಬೇಡಿ. ಮೆಕ್ಯಾನಿಕ್‌ನ್ನೇ ಮನೆಗೆ ಕರೆಸಿ.

ಬ್ಯಾಟರಿ ಆಸಿಡ್

ಯುಪಿಎಸ್ ಬ್ಯಾಟರಿ, ಟ್ರ್ಯಾಕ್ಟರ್ ಬ್ಯಾಟರಿಯನ್ನು ಚಾರ್ಜಿಗೆ ಕೊಡಲು ಕಾರಿನಲ್ಲಿ ಸಾಗಿಸುವಾಗ ಅದು ವಾಲಿದರೆ ಗಂಧಕಾಮ್ಲ ಚೆಲ್ಲುತ್ತದೆ. ಅದು ಕಾರ್ಪೆಟ್‌ನ ನೈಲಾನ್ ತಿನ್ನುತ್ತದೆ, ಕೆಳಗಿಳಿದು ತಗಡನ್ನೂ ತಿನ್ನುತ್ತದೆ. ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಂಡು ಅಡುಗೆ ಸೋಡಾ ಉದುರಿಸಿ. ಬುಸುಬುಸು ನೊರೆ ಬರುತ್ತದೆ. ಆಸಿಡ್ ಸಾಯುತ್ತಿದೆ ಅಂತ ಅದರ ಅರ್ಥ. ನೊರೆ ನಿಂತ ಮೇಲೆ ಸೋಡಾ ಕಲಸಿದ ನೀರು ಸ್ವಲ್ಪ ಚಿಮುಕಿಸಿ ನೋಡಿ. ಮತ್ತೆ ನೊರೆ ಬಂದರೆ ಇನ್ನೂ ಉಳಿದಿದೆ. ಪೂರ್ತಿ ನಿಂತ ಮೇಲೆ ಒರೆಸಿ. ಕಾರ್ಪೆಟ್ ಎತ್ತಿ ತಗಡಿನ ಮೇಲೂ ಇದನ್ನೇ ಮಾಡಬೇಕು.

ಸೋಡಾ, ವಿನೆಗರ್, ಇದ್ದಿಲು: ಯಾವುದು ಯಾವ ವಾಸನೆಗೆ?

ಅಡುಗೆ ಸೋಡಾ ಎಲ್ಲ ವಾಸನೆಗೂ ಮದ್ದು ಅನ್ನುವ ನಂಬಿಕೆ ಇದೆ. ಅದು ಹುಳಿ ವಾಸನೆಗೆ ಮದ್ದು. ಚೆಲ್ಲಿದ ಹಾಲು ಹುಳಿಯಾಗಿ ಬರುವ ನಾತದಲ್ಲಿ ಆಮ್ಲ ಇರುತ್ತದೆ, ಸೋಡಾ ಅದನ್ನು ಕೊಲ್ಲುತ್ತದೆ. ಡೀಸೆಲ್‌ನಲ್ಲಿ ಆ ತರಹದ ಆಮ್ಲ ಇಲ್ಲ. ಅಲ್ಲಿ ಸೋಡಾ ಬರೀ ಹೀರುವ ಪುಡಿಯಾಗಿ ಸ್ವಲ್ಪ ಕೆಲಸ ಮಾಡುತ್ತದೆ. ವಿನೆಗರ್‌ಗೂ ಡೀಸೆಲ್‌ಗೂ ಸಂಬಂಧ ಇಲ್ಲ, ಒಂದು ವಾಸನೆಯ ಮೇಲೆ ಇನ್ನೊಂದು ಅಷ್ಟೆ. ಎಂಜೈಮ್ ಕ್ಲೀನರ್ ಅಂತ ಮಾರುವುದು ಹಾಲು, ವಾಂತಿ, ಮೂತ್ರಕ್ಕೆ ಒಳ್ಳೆಯದು. ಡೇರಿಗೆ ಹಾಲಿನ ಕ್ಯಾನ್ ಸಾಗಿಸುವ ಮನೆಗಳವರು ಅದನ್ನು ತರಿಸಿಟ್ಟುಕೊಳ್ಳಬಹುದು. ಡೀಸೆಲ್‌ಗೆ ಅದರಿಂದ ಪ್ರಯೋಜನ ಇಲ್ಲ. ಬ್ಲೀಚಿಂಗ್ ಪೌಡರ್ ಹಾಕಲೇಬೇಡಿ. ಬಣ್ಣ ಹೋಗುತ್ತದೆ, ಜೊತೆಗೆ ವಿನೆಗರ್ ಅಥವಾ ಟಾಯ್ಲೆಟ್ ಆಸಿಡ್ ಬೆರೆತರೆ ಕ್ಲೋರಿನ್ ಅನ್ನುವ ವಿಷಗಾಳಿ ಏಳುತ್ತದೆ.

ಡೀಸೆಲ್ ಆವಿಯನ್ನು ನಿಜವಾಗಿ ಹಿಡಿದಿಡುವುದು ಆಕ್ಟಿವೇಟೆಡ್ ಇದ್ದಿಲು. ಇದರ ಒಂದೊಂದು ಕಣದಲ್ಲೂ ಕಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ತೂತು. 1 ಗ್ರಾಂ ಇದ್ದಿಲಿನ ಒಳಮೈಯನ್ನೆಲ್ಲ ಬಿಡಿಸಿ ಹರಡಿದರೆ 500 ಚದರ ಮೀಟರ್ ದಾಟುತ್ತದೆ. ಆವಿಯ ಕಣಗಳು ಅಲ್ಲಿ ಹೋಗಿ ಅಂಟಿಕೊಳ್ಳುತ್ತವೆ. ಒಲೆಯ ಇದ್ದಿಲಿಗೆ ಇಷ್ಟು ಶಕ್ತಿ ಇಲ್ಲ. ಸಣ್ಣ ಚೀಲಗಳಲ್ಲಿ ಮಾರುವ ಇದ್ದಿಲನ್ನು ಡಿಕ್ಕಿಯಲ್ಲಿ, ಸೀಟಿನ ಕೆಳಗೆ ಇಡಿ. ಆದರೆ ಇದು ಕೊನೆಯ ಹಂತ. ಮೆತ್ತೆಯಲ್ಲಿ ಡೀಸೆಲ್ ತುಂಬಿರುವಾಗ ಹತ್ತು ಚೀಲ ಇಟ್ಟರೂ ಸಾಲದು.

ಬಿಸಿಲು ನಮ್ಮ ಕಡೆ ಧಾರಾಳ ಸಿಗುವ ಮದ್ದು. ಅದನ್ನು ಬಳಸುವಾಗ ಗಾಜು ಇಳಿಸಿ, ಡಿಕ್ಕಿ ತೆಗೆದಿಡಿ. ಕಾದ ಕಾರಿನಿಂದ ಆವಿ ಹೊರಗೆ ಹೋಗುತ್ತದೆ. ಗಾಜು ಏರಿಸಿ ಬಿಸಿಲಿಗೆ ಬಿಟ್ಟರೆ ಎದ್ದ ಆವಿ ಅಲ್ಲೇ ಸುತ್ತಿ ಸೀಟಿಗೂ ಮೇಲ್ಛಾವಣಿಯ ಬಟ್ಟೆಗೂ ಹತ್ತುತ್ತದೆ. ಗುಂಡಿ, ಮೆತ್ತೆ ಎಲ್ಲ ಸ್ವಚ್ಛವಾದ ಮೇಲೆ ಇಂಥ ನಾಲ್ಕೈದು ಬಿಸಿಲು ದಿನ ಕೊಟ್ಟರೆ ಉಳಿದ ಸಣ್ಣ ವಾಸನೆಯೂ ಇಳಿಯುತ್ತದೆ. ಅಷ್ಟಾದರೂ ಹಸಿ ವಾಸನೆ ಬರುತ್ತಲೇ ಇದ್ದರೆ ಹಳೆಯ ಚೆಲ್ಲಿದ್ದಲ್ಲ, ಫ್ಯೂಯೆಲ್ ಪೈಪ್ ಎಲ್ಲೋ ಜಿನುಗುತ್ತಿರಬಹುದು. ಗ್ಯಾರೇಜಿನಲ್ಲಿ ತೋರಿಸಿ.

ತೊಳೆದ ನೀರು, ಹೊಟ್ಟು ಎಲ್ಲಿಗೆ?

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ನಮಗೆ ಕೆರೆ, ಕೊಳವೆಬಾವಿಗಳೇ ದಿಕ್ಕು. ಊರ ಚರಂಡಿಗೆ ಬಿಟ್ಟ ಜಿಡ್ಡು ನೀರು ಮಳೆ ಬಂದಾಗ ಕೆರೆಗೆ ಹೋಗುತ್ತದೆ. ಹಾಗಾಗಿ ಮೊದಲು ಹೊಟ್ಟಿನಿಂದ ಹೀರಿಸುವುದು ಕಾರಿಗಷ್ಟೇ ಅಲ್ಲ, ನೀರಿಗೂ ಒಳ್ಳೆಯದು. ಡೀಸೆಲ್ ಬಹುಪಾಲು ಹೊಟ್ಟಿನಲ್ಲೇ ಬಂದುಬಿಟ್ಟರೆ ತೊಳೆದ ನೀರಿಗೆ ಸೇರುವುದು ತೀರಾ ಕಮ್ಮಿ. ಆ ಹೊಟ್ಟನ್ನು ತಿಪ್ಪೆಗೆ ಹಾಕಬೇಡಿ, ಗೊಬ್ಬರದ ಜೊತೆ ಹೊಲ ಸೇರುತ್ತದೆ. ಹಸುಗಳು ಬಾಯಿ ಹಾಕದಂತೆ ಮುಚ್ಚಳ ಇರುವ ತಗಡಿನ ಡಬ್ಬಿಯಲ್ಲಿ ತುಂಬಿ, ಹಳೇ ಆಯಿಲ್ ಸಂಗ್ರಹಿಸುವ ಗ್ಯಾರೇಜ್ ಅಥವಾ ಸರ್ವಿಸ್ ಸೆಂಟರ್‌ನಲ್ಲಿ ತೆಗೆದುಕೊಳ್ಳುತ್ತಾರಾ ಅಂತ ಕೇಳಿ ಕೊಡಿ.

ಮುಂದಿನ ಸಲ ಕ್ಯಾನ್ ಒಯ್ಯುವಾಗ ಕುತ್ತಿಗೆ ತನಕ ತುಂಬಿಸಬೇಡಿ. ಬಿಸಿಲಿಗೆ ಇಂಧನ ಹಿಗ್ಗುತ್ತದೆ, ಮೇಲೆ ಒಂದಿಷ್ಟು ಜಾಗ ಬೇಕು. ಮುಚ್ಚಳದ ಒಳಗಿನ ರಬ್ಬರ್ ವಾಷರ್ ಇದೆಯಾ ಅಂತ ಬೆರಳು ಹಾಕಿ ನೋಡಿ, ಹಳೇ ಕ್ಯಾನ್‌ಗಳಲ್ಲಿ ಅದು ಒಣಗಿ ಉದುರಿರುತ್ತದೆ. ಕ್ಯಾನನ್ನು ಅಂಚಿರುವ ಪ್ಲಾಸ್ಟಿಕ್ ಟಬ್‌ನಲ್ಲಿಟ್ಟು, ಟಬ್ ಜರುಗದಂತೆ ಹಗ್ಗದಿಂದ ಕಟ್ಟಿ. ಟಬ್‌ನ ತಳಕ್ಕೆ ಎರಡು ಹಿಡಿ ಮರದ ಹೊಟ್ಟು ಹಾಕಿಟ್ಟರೆ ತೊಟ್ಟಿಕ್ಕಿದ್ದು ಅಲ್ಲೇ ನಿಲ್ಲುತ್ತದೆ. ಪೆಟ್ರೋಲನ್ನು ನೀರಿನ ಬಾಟಲಿಯಲ್ಲಂತೂ ಯಾವತ್ತೂ ಒಯ್ಯಬೇಡಿ. ಮನೆಗೆ ಬಂದ ಮೇಲೆ ಬಾಯಾರಿದವರು ಯಾರೋ ಅದನ್ನು ನೀರು ಅಂತ ಎತ್ತಿಕೊಳ್ಳಬಹುದು.